ಚಪ್ಪಾಳೆ ಬೇಡ, ಪಾಸ್ ಕೊಡಲಿ

ಓದುಗರ ಪತ್ರ: ಮಗನ ಕಾಲೇಜಿನಲ್ಲಿ ವಿಶೇಷ ಶಾಲೆಯ ಹುಡುಗರನ್ನೂ ಸೇರಿಸಿ ಬಾಸ್ಕೆಟ್‌ಬಾಲ್ ತಂಡ ಕಟ್ಟಿದ್ದಾರೆ. ಸೇವೆ ಅಂತಾದರೆ ಸರಿ. ಆದರೆ ಮಗನ ಆಟ ಹಾಳಾಗುವುದಿಲ್ಲವೇ? ಆ ಮಕ್ಕಳಿಗೆ ಅವರದೇ ಕ್ರೀಡಾಕೂಟ ಇದೆಯಲ್ಲ?
– ಒಬ್ಬ ಓದುಗರು, ಬಿಜೈ, ಮಂಗಳೂರು

ಸಂಪಾದಕರ ಉತ್ತರ:

ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ ಬರೆದಿದ್ದೀರಿ, ಸಂತೋಷ. ಹೀಗೆ ಯೋಚಿಸುವ ಅಪ್ಪ ಅಮ್ಮಂದಿರು ಜಾಸ್ತಿ, ಬರೆಯುವವರು ಕಡಿಮೆ. ನಿಮ್ಮ ಆತಂಕ ಪೂರ್ತಿ ಸುಳ್ಳೂ ಅಲ್ಲ. ವಯಸ್ಸು, ಮೈಕಟ್ಟು ನೋಡದೆ ಸುಮ್ನೆ ಕೋರ್ಟಿಗೆ ಇಳಿಸಿದರೆ ಯಾರಿಗಾದರೂ ಪೆಟ್ಟಾದೀತು. ಆದರೆ ‘ಸೇವೆ’ ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಇಂಥ ಮಕ್ಕಳಿಗೆ, ದೊಡ್ಡವರಿಗೆ ಆಟೋಟ ನಡೆಸುವ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆಯವರ ಯುನಿಫೈಡ್ (ಎಲ್ಲರೂ ಸೇರಿ ಆಡುವ) ಬಾಸ್ಕೆಟ್‌ಬಾಲ್‌ನಲ್ಲಿ ಕೋರ್ಟಿಗಿಳಿಯುವ 5 ಜನರಲ್ಲಿ 3 ಮಂದಿ ಬೌದ್ಧಿಕ ಅಂಗವೈಕಲ್ಯ ಇರುವವರು, 2 ಮಂದಿ ಇಲ್ಲದವರು. ಆ ಇಬ್ಬರೇ ಚೆಂಡು ಹಿಡಿದು ಮೆರೆಯುವ ಹಾಗಿಲ್ಲ. ಜೊತೆಯವನು ಎಲ್ಲಿದ್ದಾನೆ, ಎಷ್ಟು ವೇಗದ ಚೆಂಡು ಅವನ ಕೈಗೆ ಸಿಕ್ಕೀತು ಅಂತ ನೋಡಿ ಪಾಸ್ ಕೊಡಬೇಕು. ಇದರಿಂದ ನಿಮ್ಮ ಮಗನ ಆಟ ಹಾಳಾಗುತ್ತದೆಯೇ?

ನಮ್ಮ ಓಣಿಯಲ್ಲೊಬ್ಬ ಹುಡುಗನಿದ್ದಾನೆ. ಮಾತು ಕಡಿಮೆ, ಲೆಕ್ಕ ಬರುವುದಿಲ್ಲ. ವರ್ಷಗಟ್ಟಲೆ ಕಟ್ಟೆಯ ಮೇಲೆ ಕೂತು ಉಳಿದವರ ಆಟ ನೋಡುತ್ತಿದ್ದ. ಹೊರಗೆ ಹೋದ ಚೆಂಡು ಹೆಕ್ಕಿಕೊಡುವುದಷ್ಟೇ ಅವನ ಕೆಲಸ. ಒಂದು ಸಂಜೆ ಜನ ಕಡಿಮೆಯಾಗಿ ಅವನನ್ನು ಕರೆದರು. ಬುಟ್ಟಿಯ ಕೆಳಗೆ ಎರಡು ಕೈ ಎತ್ತಿಕೊಂಡು ನಿಂತ. ತುಂಬ ಹೊತ್ತು ಯಾರೂ ಚೆಂಡು ಕೊಡಲಿಲ್ಲ. ಕೊನೆಗೆ ಒಬ್ಬ ಕೊಟ್ಟ, ಇವನು ಎಸೆದ, ತಪ್ಪಿತು. “ಎಂಥ ಮಾರಾಯ, ಅಷ್ಟು ಹತ್ತಿರದಿಂದ!” ಅಂತ ಎಲ್ಲರೂ ಬೈದರು. ನನಗೆ ಕಣ್ಣು ತುಂಬಿ ಬಂತು. ಅಲ್ಲಿಯವರೆಗೆ ಅವನನ್ನು ಯಾರೂ ಹಾಗೆ ಬೈದಿರಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಶೂ ಹಾಕಿ ಬಂದು ನಿಂತಿದ್ದ.

ಅವರದೇ ಕೂಟ ಇದೆಯಲ್ಲ ಅಂತ ಕೇಳಿದ್ದೀರಿ. ಇದೆ, ಇರಲೂ ಬೇಕು. ಆದರೆ ಒಂದು ಕಥೆ ಕೇಳಿ. 2000ರ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ, ಬೌದ್ಧಿಕ ಅಂಗವೈಕಲ್ಯ ಇರುವವರ ಬಾಸ್ಕೆಟ್‌ಬಾಲ್‌ನಲ್ಲಿ ಸ್ಪೇನ್ ಚಿನ್ನ ಗೆದ್ದಿತು. ಆಮೇಲೆ ನೋಡಿದರೆ 12 ಆಟಗಾರರಲ್ಲಿ 10 ಮಂದಿಗೆ ಅಂಗವೈಕಲ್ಯವೇ ಇರಲಿಲ್ಲ! ಮೋಸ ಮಾಡಿದವರು ಅವರು, ಬಾಗಿಲು ಮುಚ್ಚಿದ್ದು ಇವರಿಗೆ. ಬೌದ್ಧಿಕ ಅಂಗವೈಕಲ್ಯ ಇರುವ ಕ್ರೀಡಾಪಟುಗಳು ಪ್ಯಾರಾಲಿಂಪಿಕ್ಸ್‌ಗೆ ಮರಳಿದ್ದು 2012ರಲ್ಲಿ, ಲಂಡನ್ನಿನಲ್ಲಿ. ಆಗಲೂ ಬಾಸ್ಕೆಟ್‌ಬಾಲ್ ಮರಳಲಿಲ್ಲ.

ನಮ್ಮೂರಿನ ಕಥೆಯೂ ಬೇರೆಯಲ್ಲ. ವಾರ್ಷಿಕೋತ್ಸವಕ್ಕೆ ಈ ಮಕ್ಕಳನ್ನು ಕರೆದು ಒಂದು ಡ್ಯಾನ್ಸ್ ಮಾಡಿಸುತ್ತೇವೆ, ಚಪ್ಪಾಳೆ ತಟ್ಟಿ ಫೋಟೋ ತೆಗೆಸಿಕೊಳ್ಳುತ್ತೇವೆ. ಮರುದಿನ ಮೈದಾನದ ಗೇಟಿಗೆ ಬೀಗ. ಇವರು ಆಟೋಟದಲ್ಲಿ ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಆಟದ ಪಿರಿಯಡ್‌ನಲ್ಲೇ ಗಣಿತ ಪಾಠ ಮಾಡುವ ನಾವು ಅದನ್ನು ಓದುವುದು ಯಾವಾಗ? ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಬಯಲು ಕೋರ್ಟ್ ಪಾಚಿಗಟ್ಟಿರುತ್ತದೆ. ಮಾಡು ಇರುವ ಕೋರ್ಟಿಗೆ ಬಾಡಿಗೆ ಕೊಡಲು ಈ ಮಕ್ಕಳ ಮನೆಯವರಿಗೆ ಎಲ್ಲಿಂದ ಆಗಬೇಕು?

ಮಗನ ತಂಡದ ಪಂದ್ಯ ಯಾವಾಗ ಅಂತ ಒಂದು ಸಾಲು ಬರೆಯಿರಿ. ನಾನು ಬರುತ್ತೇನೆ. ನೀವೂ ಮಗನನ್ನು ಗೇಟಿನಲ್ಲಿ ಬಿಟ್ಟು ಹೊರಡಬೇಡಿ, ಕೂತು ನೋಡಿ.

– ಸಂಪಾದಕ