ಬೀಟಲ್ಸ್ ಐದಕ್ಕೆ ಐದು, ಟೇಲರ್ ಸ್ವಿಫ್ಟ್ ಹತ್ತಕ್ಕೆ ಹತ್ತು: ಯಾರ ದಾಖಲೆ ದೊಡ್ಡದು?

ನೀವು ಕೇಳಿದ್ದು ನನಗೆ ತುಂಬಾ ಇಷ್ಟದ ವಿಷಯ. 1964ರಲ್ಲಿ ಬ್ರಿಟನ್ನಿನ ಬೀಟಲ್ಸ್ ತಂಡ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ (ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಪ್ರಕಟಿಸುವ ಜನಪ್ರಿಯ ಹಾಡುಗಳ ಪಟ್ಟಿ, ಅಂದರೆ ಚಾರ್ಟ್) ಮೊದಲ ಐದೂ ಸ್ಥಾನಗಳನ್ನು ಒಂದೇ ವಾರದಲ್ಲಿ ಹಿಡಿದಿತ್ತು. 2022ರಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಮೊದಲ ಹತ್ತನ್ನೂ ಹಿಡಿದರು. ಹಾಗಾದರೆ ಸ್ವಿಫ್ಟ್ ಅವರದೇ ದೊಡ್ಡ ಸಾಧನೆ ಅಲ್ವಾ, ಬೀಟಲ್ಸ್ ದಾಖಲೆಗಳ ಕಾಲ ಮುಗಿಯಿತಾ ಅಂತ ಕೇಳಿದ್ದೀರಿ.

ಹತ್ತು ಐದಕ್ಕಿಂತ ಜಾಸ್ತಿ, ಅದರಲ್ಲಿ ವಾದವಿಲ್ಲ. ಆದರೆ ಆ ಎರಡು ವಾರಗಳಲ್ಲಿ ಬಿಲ್‌ಬೋರ್ಡ್ ಎಣಿಸಿದ್ದೇ ಬೇರೆ ಬೇರೆ. ಎಣಿಸುವ ನಿಯಮ ಗೊತ್ತಿಲ್ಲದೆ ಚಾರ್ಟ್ ದಾಖಲೆಗಳನ್ನು ಹೋಲಿಸಲು ಆಗುವುದಿಲ್ಲ. ನನ್ನನ್ನು ಕೇಳಿದರೆ 1964ರ ಆ ವಾರವೇ ಈಗಲೂ ದೊಡ್ಡ ಅಚ್ಚರಿ. ಯಾಕೆ ಅಂತ ಹೇಳುತ್ತೇನೆ.

1964ರ ಏಪ್ರಿಲ್ 4ರ ಪಟ್ಟಿ ತೆಗೆದು ನೋಡಿ. ಮೊದಲ ಸ್ಥಾನದಲ್ಲಿ ಕಾಂಟ್ ಬೈ ಮಿ ಲವ್. ಎರಡರಲ್ಲಿ ಟ್ವಿಸ್ಟ್ ಅಂಡ್ ಶೌಟ್. ಮೂರರಲ್ಲಿ ಷಿ ಲವ್ಸ್ ಯು. ನಾಲ್ಕರಲ್ಲಿ ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್. ಐದರಲ್ಲಿ ಪ್ಲೀಸ್ ಪ್ಲೀಸ್ ಮಿ. ಹಾಡಿನ ಹೆಸರಿನ ಪಕ್ಕದಲ್ಲಿ ರೆಕಾರ್ಡ್ ಕಂಪನಿಯ ಹೆಸರೂ ಇರುತ್ತದೆ, ಅದನ್ನು ಓದುತ್ತಾ ಹೋಗಿ. ಕ್ಯಾಪಿಟಲ್, ಟಾಲೀ, ಸ್ವಾನ್, ಮತ್ತೆ ಕ್ಯಾಪಿಟಲ್, ವೀ-ಜೇ. ಐದು ಹಾಡು, ನಾಲ್ಕು ಹೆಸರು! ಒಂದೇ ತಂಡದ ಹಾಡುಗಳನ್ನು ಬೇರೆ ಬೇರೆ ಕಂಪನಿಗಳು ಒಟ್ಟೊಟ್ಟಿಗೆ ಮಾರುತ್ತಿದ್ದವು.

ಹೀಗಾಗಲು ಕಾರಣವಿದೆ. ಬೀಟಲ್ಸ್ ಹಾಡುತ್ತಿದ್ದದ್ದು ಬ್ರಿಟನ್ನಿನ ಇಎಂಐ ಕಂಪನಿಗೆ. ಅಮೆರಿಕದಲ್ಲಿ ಇಎಂಐ ಒಡೆತನದ ಕಂಪನಿ ಕ್ಯಾಪಿಟಲ್. ಆದರೆ 1963ರಲ್ಲಿ ಬಂದ ಹಾಡುಗಳನ್ನು ಕ್ಯಾಪಿಟಲ್‌ನವರು ನಮ್ಮಲ್ಲಿ ಓಡುವುದಿಲ್ಲ ಅಂತ ಬಿಟ್ಟುಬಿಟ್ಟರು. ಹಾಗಾಗಿ ಅವು ಶಿಕಾಗೋದ ವೀ-ಜೇ, ಫಿಲಡೆಲ್ಫಿಯಾದ ಸ್ವಾನ್ ಎಂಬ ಸಣ್ಣ ಕಂಪನಿಗಳ ಪಾಲಾದವು. ಅವರು ರೆಕಾರ್ಡ್ ತಂದರು, ಯಾರೂ ತಿರುಗಿ ನೋಡಲಿಲ್ಲ. ಆ ವರ್ಷದ ಕೊನೆಗೆ ಕ್ಯಾಪಿಟಲ್ ಮನಸ್ಸು ಬದಲಿಸಿ ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್ ಬಿಡುಗಡೆ ಮಾಡಿತು. 1964ರ ಫೆಬ್ರವರಿ 9ರಂದು ಬೀಟಲ್ಸ್ ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮಕ್ಕೆ ಬಂದರು. ಸುಮಾರು 7.3 ಕೋಟಿ ಜನ ನೋಡಿದರು. ಈ ಅಬ್ಬರದಲ್ಲಿ ಕೇಳಬೇಕೇ, ಸಣ್ಣ ಕಂಪನಿಗಳೆಲ್ಲ ತಮ್ಮ ಹತ್ತಿರ ಇದ್ದ ಹಳೆಯ ಹಾಡುಗಳನ್ನು ಮತ್ತೆ ಅಚ್ಚು ಹಾಕಿಸಿ ಅಂಗಡಿಗೆ ಕಳಿಸಿದವು. ಟಾಲೀ ಕೂಡ ವೀ-ಜೇಯವರದೇ ಇನ್ನೊಂದು ಹೆಸರು.

ಸಾಮಾನ್ಯವಾಗಿ ಕಂಪನಿಯವರು ಒಂದು ಹಾಡಿನ ಬಿಸಿ ಆರುವವರೆಗೆ ಅದೇ ಕಲಾವಿದರ ಇನ್ನೊಂದನ್ನು ತರುತ್ತಿರಲಿಲ್ಲ. ತಮ್ಮ ಹಾಡಿಗೆ ತಮ್ಮದೇ ಹಾಡು ಅಡ್ಡ ಬರಬಾರದು ಅಂತ. ಇಲ್ಲಿ ಹಾಗೆ ತಡೆಯುವವರೇ ಇರಲಿಲ್ಲ. ಅದೇ ವಾರ 100ರ ಪಟ್ಟಿಯಲ್ಲಿ ಬೀಟಲ್ಸ್‌ನ 12 ಹಾಡುಗಳಿದ್ದವು, ಮುಂದಿನ ವಾರ 14.

ಇನ್ನೊಂದು ಮಾತು. ಅವೆಲ್ಲ 45 ಆರ್‌ಪಿಎಂ ಪ್ಲೇಟುಗಳು. ಒಂದು ಮುಖಕ್ಕೆ ಒಂದು ಹಾಡು. ಐದು ಹಾಡು ಇಷ್ಟವಾದರೆ ಐದು ಪ್ಲೇಟಿಗೆ ದುಡ್ಡು ಕೊಡಬೇಕು. ಪಾಕೆಟ್ ಮನಿ ಕೂಡಿಟ್ಟ ಹುಡುಗ ಹುಡುಗಿಯರು ಅಂಗಡಿಗೆ ಹೋಗಿ, ಇದೇ ಬೇಕು ಅಂತ ಕೇಳಿ ತಂದಿದ್ದು. ಐದೂ ಹಾಡು ಮೇಲೇರಿದ್ದು ಹೀಗೆ, ಒಂದೊಂದೂ ಬೇರೆ ಬೇರೆಯಾಗಿ. ಇದಕ್ಕೇ ನಾನು ಇಷ್ಟು ಬೆಲೆ ಕೊಡುವುದು.

ಹಾಗಂತ ಆ ಕಾಲದ ಲೆಕ್ಕ ಪಕ್ಕಾ ಇತ್ತು ಅಂತಲ್ಲ. ಬಿಲ್‌ಬೋರ್ಡ್‌ನವರು ಅಂಗಡಿಗಳಿಂದ, ರೇಡಿಯೋ ಕೇಂದ್ರಗಳಿಂದ ವರದಿ ತರಿಸಿಕೊಳ್ಳುತ್ತಿದ್ದರು. ಈ ವಾರ ಯಾವುದು ಚೆನ್ನಾಗಿ ಹೋಯಿತು ಅಂತ ಅಂಗಡಿಯವರು ಹೇಳಿದ್ದೇ ಲೆಕ್ಕ. ಕೌಂಟರಿನಲ್ಲಿ ನಿಂತವರಿಗೆ ರಾಕ್ ಇಷ್ಟವಾದರೆ ರಾಕ್ ಹೆಸರೇ ಮೊದಲು ನೆನಪಾಗುತ್ತಿತ್ತು. 1991ರಲ್ಲಿ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಬಂತು. ಬಿಲ್ ಹಾಕುವಾಗ ಬಾರ್‌ಕೋಡ್ ಓದಿದ ಲೆಕ್ಕವೇ ನೇರವಾಗಿ ಪಟ್ಟಿಗೆ. ಕೆಲವೇ ವಾರಗಳಲ್ಲಿ ಆಲ್ಬಮ್‌ಗಳ ಪಟ್ಟಿಯ ಮುಖವೇ ಬದಲಾಯಿತು. ಜೂನ್‌ನಲ್ಲಿ ಎನ್‌ಡಬ್ಲ್ಯೂಎ ಎಂಬ ರ‍್ಯಾಪ್ ತಂಡ ಮೊದಲ ಸ್ಥಾನಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಗಾರ್ತ್ ಬ್ರೂಕ್ಸ್ ಅವರ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಆಲ್ಬಮ್ ನೇರವಾಗಿ ನಂಬರ್ ಒನ್ ಸ್ಥಾನದಲ್ಲೇ ಪಟ್ಟಿಗೆ ಕಾಲಿಟ್ಟಿತು. ಕಂಟ್ರಿ ಸಂಗೀತಕ್ಕೆ ಅದು ಮೊದಲ ಸಲ. ಜನ ಇವನ್ನೆಲ್ಲ ಮೊದಲೂ ಕೊಳ್ಳುತ್ತಿದ್ದರು, ಪಟ್ಟಿಗೆ ಅದು ಕಾಣುತ್ತಿರಲಿಲ್ಲ ಅಷ್ಟೆ. ಚಾರ್ಟ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಿಯಮದ ದೆಸೆಯಿಂದ ದಾಖಲೆ ತಪ್ಪಿದವರನ್ನೂ ನೆನೆಯಬೇಕು. ನೋ ಡೌಟ್ ತಂಡದ ಡೋಂಟ್ ಸ್ಪೀಕ್ ಹಾಡು 1996-97ರಲ್ಲಿ ಅಮೆರಿಕದ ರೇಡಿಯೋ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿತ್ತು. ಹಾಟ್ 100ರಲ್ಲಿ ಮಾತ್ರ ಅದರ ಸುಳಿವೇ ಇಲ್ಲ! ಅಂಗಡಿಯಲ್ಲಿ ಬಿಡಿ ಹಾಡಾಗಿ ಸಿಗದಿದ್ದರೆ ಪಟ್ಟಿಗೆ ಸೇರಿಸಬಾರದು ಅನ್ನುವುದು ಆಗಿನ ನಿಯಮ. ಬಿಡಿಯಾಗಿ ಕೊಡದಿದ್ದರೆ ಜನ ಇಡೀ ಆಲ್ಬಮ್ ಕೊಳ್ಳುತ್ತಾರೆ ಅನ್ನುವುದು ಕಂಪನಿಗಳ ಲೆಕ್ಕಾಚಾರ. 1998ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿತು, ಆ ಹಾಡಿಗೆ ಅದರಿಂದ ಏನೂ ಸಿಗಲಿಲ್ಲ. ಗಂಗ್ನಂ ಸ್ಟೈಲ್ ನಿಮಗೆ ನೆನಪಿದ್ದೇ ಇರುತ್ತದೆ. 2012ರಲ್ಲಿ ನಮ್ಮ ಮದುವೆ ಮನೆಗಳಲ್ಲೂ ಜನ ಅದಕ್ಕೆ ಕುಣಿದರು. ಯೂಟ್ಯೂಬ್‌ನಲ್ಲಿ ನೂರು ಕೋಟಿ ವೀಕ್ಷಣೆ ಮುಟ್ಟಿದ ಮೊದಲ ವಿಡಿಯೋ ಅದು. ಹಾಟ್ 100ರಲ್ಲಿ ಅದು ಏಳು ವಾರ ಎರಡನೇ ಸ್ಥಾನದಲ್ಲೇ ನಿಂತುಹೋಯಿತು. ಯೂಟ್ಯೂಬ್ ಲೆಕ್ಕ ಸೇರಿದ್ದು 2013ರ ಫೆಬ್ರವರಿಯಲ್ಲಿ. ಸೇರಿದ ಮೊದಲ ವಾರವೇ ಹಾರ್ಲೆಮ್ ಶೇಕ್ ಎಂಬ ಹಾಡು ಸೀದಾ ನಂಬರ್ ಒನ್ ಆಯಿತು. ಗಂಗ್ನಂ ಸ್ಟೈಲ್ ಹಾಡಿದ ಸೈ ಅವರಿಗೆ ಆದದ್ದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ.

ಈಗ ಸ್ವಿಫ್ಟ್ ವಿಷಯಕ್ಕೆ ಬರೋಣ. ಇವತ್ತು ಹೊಸ ಆಲ್ಬಮ್ ಬರುವುದು ಶುಕ್ರವಾರ. ಅಭಿಮಾನಿಗಳು ರಾತ್ರಿಯಿಡೀ ಕೂತು ಇಂಟರ್ನೆಟ್ ಮೂಲಕ (ಇದಕ್ಕೇ ಸ್ಟ್ರೀಮಿಂಗ್ ಅನ್ನುವುದು) ಮೊದಲಿಂದ ಕೊನೆಯವರೆಗೆ ಎಲ್ಲಾ ಹಾಡು ಕೇಳುತ್ತಾರೆ. ಕೇಳಿದ ಪ್ರತಿಯೊಂದು ಹಾಡೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತದೆ. ಅಂದರೆ ಆಲ್ಬಮ್ಮಿನ ಹತ್ತನೇ ಹಾಡು, ರೇಡಿಯೋದಲ್ಲಿ ಒಮ್ಮೆಯೂ ಬರದಿದ್ದರೂ, ಪಟ್ಟಿಯಲ್ಲಿ ಮೇಲೆ ನಿಲ್ಲಬಹುದು. 2018ರಲ್ಲಿ ಕೆನಡಾದ ಡ್ರೇಕ್ ಅವರ ಸ್ಕಾರ್ಪಿಯನ್ ಆಲ್ಬಮ್ ಬಂದಾಗ ಮೊದಲ ಹತ್ತರಲ್ಲಿ ಏಳು ಅವರವೇ. ಮೊದಲ ಹತ್ತರಲ್ಲಿ ಒಟ್ಟಿಗೆ ಐದು ಹಾಡು ಎಂಬ ಬೀಟಲ್ಸ್ ದಾಖಲೆ 54 ವರ್ಷದ ನಂತರ ಮುರಿದದ್ದು ಹೀಗೆ. 2021ರಲ್ಲಿ ಡ್ರೇಕ್ ಮತ್ತೆ ಬಂದು ಹತ್ತರಲ್ಲಿ ಒಂಬತ್ತು ಹಿಡಿದರು. 2022ರ ಅಕ್ಟೋಬರ್‌ನಲ್ಲಿ ಸ್ವಿಫ್ಟ್ ಅವರ ಮಿಡ್‌ನೈಟ್ಸ್ ಬಂತು, ಹತ್ತಕ್ಕೆ ಹತ್ತು. 2024ರಲ್ಲಿ ಅವರದೇ ಇನ್ನೊಂದು ಆಲ್ಬಮ್, ಮೊದಲ ಹದಿನಾಲ್ಕೂ ಸ್ಥಾನ.

ಬ್ರಿಟನ್ನಿನಲ್ಲಿ ಇದು ಆಗಲಾರದು. ಅಲ್ಲಿ 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಅವರ ಆಲ್ಬಮ್ ಬಂದಾಗ ಅದರ 16 ಹಾಡುಗಳೂ ಮೊದಲ 20ರೊಳಗೆ ಬಂದವು. ಹೊಸಬರ ಹಾಡಿಗೆ ಜಾಗವೇ ಇಲ್ಲದಂತಾಯಿತು. ಅದೇ ಜುಲೈನಿಂದ, ಮುಖ್ಯ ಗಾಯಕರಾಗಿ ಒಬ್ಬರಿಗೆ ಪಟ್ಟಿಯಲ್ಲಿ ಮೂರೇ ಹಾಡು ಎಂಬ ನಿಯಮ ತಂದರು. ಹಾಗಾಗಿ ಸ್ವಿಫ್ಟ್ ಅಮೆರಿಕದಲ್ಲಿ ಹತ್ತು ಸ್ಥಾನ ಹಿಡಿದ ವಾರ ಬ್ರಿಟನ್ನಿನ ಪಟ್ಟಿಯಲ್ಲಿ ಅವರ ಆಲ್ಬಮ್ಮಿನ ಮೂರು ಹಾಡಷ್ಟೇ ಇದ್ದವು. ಅದೇ ಗಾಯಕಿ, ಅದೇ ಆಲ್ಬಮ್, ಅದೇ ವಾರ. ಬ್ರಿಟನ್ನಿನವರು ಮಾಡಿದ್ದೇ ಸರಿ ಅಂತ ನನ್ನ ನಂಬಿಕೆ.

ಇದನ್ನೆಲ್ಲ ಓದಿ ಸ್ವಿಫ್ಟ್ ಸಾಧನೆ ಸುಮ್ನೆ ಗಾಳಿಗೋಪುರ ಅಂತ ತಿಳಿಯಬೇಡಿ. ಮಿಡ್‌ನೈಟ್ಸ್ ಮೊದಲ ವಾರದಲ್ಲೇ ಅಮೆರಿಕದಲ್ಲಿ 11 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರಲ್ಲಿ ಸುಮಾರು 5.75 ಲಕ್ಷ ಎಲ್‌ಪಿ ರೆಕಾರ್ಡುಗಳು. ಫೋನಿನಲ್ಲಿ ಕೇಳಲು ಸಿಗುವ ಸಂಗೀತಕ್ಕೆ ಜನ ಕೈಯಿಂದ ದುಡ್ಡು ಕೊಟ್ಟು ಪ್ಲೇಟ್ ಕೊಂಡಿದ್ದಾರೆ! ಆ ಆಲ್ಬಮ್ಮಿನ ಆಂಟಿ-ಹೀರೋ ಹಾಡು ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ನನಗೆ ಆ ಎಂಟು ವಾರಗಳೇ ಹತ್ತಕ್ಕೆ ಹತ್ತಕ್ಕಿಂತ ಮುಖ್ಯ. ಮೊದಲ ವಾರದ ಅಬ್ಬರ ಇಳಿದ ಮೇಲೂ ಜನ ಕೇಳುತ್ತಿದ್ದರು ಅಂತ ಅದರಿಂದ ಗೊತ್ತಾಗುತ್ತದೆ.

ಬರೀ ಎಣಿಕೆ ನೋಡಿದರೆ ಎಂಥ ಎಡವಟ್ಟಾಗುತ್ತದೆ ಅನ್ನುವುದಕ್ಕೆ ಗ್ಲೀ ಎಂಬ ಟಿವಿ ಧಾರಾವಾಹಿ ಸಾಕು. ಅದರ ನಟರು ಪ್ರತಿ ವಾರ ಬೇರೆಯವರ ಹಾಡುಗಳನ್ನು ಹಾಡಿ ಡೌನ್‌ಲೋಡ್‌ಗೆ ಬಿಡುತ್ತಿದ್ದರು. 2011ರಲ್ಲಿ ಅವರು ಹಾಟ್ 100ಕ್ಕೆ ಬಂದ ಹಾಡುಗಳ ಸಂಖ್ಯೆಯಲ್ಲಿ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿಯನ್ನು ಹಿಂದೆ ಹಾಕಿದರು. ಕೊನೆಗೆ ಅವರ ಲೆಕ್ಕ 207ಕ್ಕೆ ನಿಂತಿತು. ಆ 207ರಲ್ಲಿ ಒಂದೂ ನಂಬರ್ ಒನ್ ಇಲ್ಲ. ಎಲ್ವಿಸ್ ಮನೆಮಾತಾಗಿದ್ದು 1956ರಲ್ಲಿ, ಹಾಟ್ 100 ಶುರುವಾಗಿದ್ದು 1958ರ ಆಗಸ್ಟ್‌ನಲ್ಲಿ. ಅವರ ಅತಿ ದೊಡ್ಡ ಹಾಡುಗಳಲ್ಲಿ ಎಷ್ಟೋ ಈ ಪಟ್ಟಿ ಹುಟ್ಟುವ ಮೊದಲೇ ಬಂದುಹೋಗಿದ್ದವು.

ನನಗೆ ತುಂಬಾ ಸಂತೋಷ ಕೊಟ್ಟ ದಾಖಲೆ ಯಾವುದು ಗೊತ್ತಾ? ಅಮೆರಿಕದ ಗಾಯಕಿ ಬ್ರೆಂಡಾ ಲೀ ಅವರದು. ರಾಕಿನ್ ಅರೌಂಡ್ ದಿ ಕ್ರಿಸ್‌ಮಸ್ ಟ್ರೀ ಹಾಡನ್ನು ಅವರು 1958ರಲ್ಲಿ ಹಾಡಿದಾಗ 13 ವರ್ಷದ ಹುಡುಗಿ. ಅದು ನಂಬರ್ ಒನ್ ಆಗಿದ್ದು 2023ರ ಡಿಸೆಂಬರ್‌ನಲ್ಲಿ, ಅವರಿಗೆ 78 ತುಂಬಿದ್ದಾಗ. ಆ ಸ್ಥಾನಕ್ಕೆ ಬಂದ ಅತಿ ಹಿರಿಯರು ಅವರೇ. ಅದಕ್ಕೆ ಮೊದಲು ಈ ಗೌರವ ಬಹುಕಾಲ ಜಾಝ್ ಸಂಗೀತಗಾರ ಲೂಯಿಸ್ ಆರ್ಮ್‌ಸ್ಟ್ರಾಂಗ್ ಅವರದಾಗಿತ್ತು. 1964ರ ಮೇ ತಿಂಗಳಲ್ಲಿ, 62ನೇ ವಯಸ್ಸಿನಲ್ಲಿ, ಅವರ ಹಲೋ ಡಾಲಿ ಮೊದಲ ಸ್ಥಾನಕ್ಕೆ ಬಂತು. ಆಗ ಅದು ಕೆಳಗಿಳಿಸಿದ್ದು ಯಾರನ್ನು ಅಂದುಕೊಂಡಿರಿ? ಮೂರು ಹಾಡುಗಳಿಂದ ಸತತ 14 ವಾರ ಅಲ್ಲೇ ಕೂತಿದ್ದ ಬೀಟಲ್ಸ್‌ರನ್ನು.

ಸ್ಟ್ರೀಮಿಂಗ್ ಬಂದದ್ದರಿಂದ ನಮಗೂ ಒಂದು ಒಳ್ಳೆಯದಾಗಿದೆ. ಬೆಂಗಳೂರಿನಲ್ಲಿ ನೆಲೆಸಿ ರ‍್ಯಾಪ್ ಮಾಡುತ್ತಾ ಬೆಳೆದ, ಕೇರಳ ಮೂಲದ ಹನುಮಾನ್‌ಕೈಂಡ್ ಅವರ ಬಿಗ್ ಡಾಗ್ಸ್ 2024ರಲ್ಲಿ ಹಾಟ್ 100ರ 23ನೇ ಸ್ಥಾನದವರೆಗೆ ಹೋಯಿತು. ಮರಣಬಾವಿಯ ಗೋಡೆ ಮೇಲೆ ಬೈಕು ಕಾರು ಓಡುವ ಆ ವಿಡಿಯೋ ನೀವೂ ನೋಡಿರಬಹುದು. 1964ರಲ್ಲಾದರೆ ಅಮೆರಿಕದ ಯಾವುದೋ ಕಂಪನಿ ಒಪ್ಪಿ, ಪ್ಲೇಟ್ ಅಚ್ಚು ಹಾಕಿಸಿ, ಅಂಗಡಿಗೆ ಕಳಿಸಬೇಕಿತ್ತು. ಬೀಟಲ್ಸ್‌ಗೇ ಬೇಡ ಅಂದಿದ್ದವರು ಬೆಂಗಳೂರಿನ ಹುಡುಗನ ಹಾಡು ಕೇಳುತ್ತಿದ್ದರಾ?

ಇನ್ನು ಬೀಟಲ್ಸ್ ದಾಖಲೆಗಳ ಕಾಲ ಮುಗಿಯಿತಾ ಅಂತ ಕೇಳಿದ್ದೀರಲ್ಲ, ಇಲ್ಲ. ಒಂದೇ ವಾರ ಎಷ್ಟು ಸ್ಥಾನ ಎಂಬ ಲೆಕ್ಕವನ್ನು ಅಮೆರಿಕ ಮಿತಿ ಹಾಕದ ತನಕ ಯಾರಾದರೂ ಮುರಿಯುತ್ತಲೇ ಇರುತ್ತಾರೆ. ಆದರೆ ಹಾಟ್ 100ರಲ್ಲಿ ಅತಿ ಹೆಚ್ಚು ನಂಬರ್ ಒನ್ ಹಾಡುಗಳು ಈಗಲೂ ಬೀಟಲ್ಸ್‌ರವೇ. 1964ರಿಂದ 1970ರವರೆಗಿನ ಆರೇ ವರ್ಷಗಳಲ್ಲಿ 20 ಹಾಡು. ಹತ್ತಿರ ಇರುವವರು ಅಮೆರಿಕದ ಗಾಯಕಿ ಮರಾಯಾ ಕೇರಿ, 19. ಅವರ 1994ರ ಕ್ರಿಸ್‌ಮಸ್ ಹಾಡು 2019ರಿಂದೀಚೆಗೆ ಪ್ರತಿ ಡಿಸೆಂಬರ್‌ನಲ್ಲೂ ಮೊದಲ ಸ್ಥಾನಕ್ಕೆ ಬರುತ್ತದೆ ನಿಜ. ಅದರಿಂದ ವಾರಗಳ ಲೆಕ್ಕ ಏರುತ್ತದೆ, ಹಾಡುಗಳ ಲೆಕ್ಕ ಏರುವುದಿಲ್ಲ. ಬೀಟಲ್ಸ್‌ರನ್ನು ಸರಿಗಟ್ಟಲು ಅವರಿಗೆ ಇನ್ನೊಂದು ಹೊಸ ನಂಬರ್ ಒನ್ ಬೇಕು, ದಾಟಲು ಎರಡು.