ಸಂಪಾದಕರ ಉತ್ತರ: ಲಾವ್ರಿನೆಂಕೊ ಹೊಡೆದ ಟ್ಯಾಂಕು ಎಷ್ಟು?

ತಿಪಟೂರಿನ ಓದುಗರೊಬ್ಬರು, ನಿವೃತ್ತ ಗಣಿತ ಮೇಷ್ಟ್ರು, ಕಳೆದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಮಾಸ್ಕೋ ಕದನದ ಲೇಖನ ಓದಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪತ್ರದ ತಿರುಳು ಇಷ್ಟು:

“ದ್ಮಿತ್ರಿ ಲಾವ್ರಿನೆಂಕೊ ಎಂಬ ಸೋವಿಯತ್ ಟ್ಯಾಂಕ್ ಕಮಾಂಡರ್ ಎರಡೂವರೆ ತಿಂಗಳಲ್ಲಿ 52 ಜರ್ಮನ್ ಟ್ಯಾಂಕು ಹೊಡೆದ ಎಂದು ಬರೆದಿದ್ದೀರಿ. ಎಣಿಸಿದವರು ಯಾರು? ಪಕ್ಕದಲ್ಲೇ ‘ಲಾವ್ರಿನೆಂಕೊ ಎದುರಿಸಿದ ಟೈಗರ್ ಟ್ಯಾಂಕು’ ಎಂದು ಚಿತ್ರ ಹಾಕಿದ್ದೀರಿ. 1941ರಲ್ಲಿ ಟೈಗರ್ ಎಲ್ಲಿತ್ತು ಸ್ವಾಮಿ? ಆತ ಅಂಥ ವೀರನೇ ಆಗಿದ್ದರೆ ಅವರ ಸರ್ಕಾರ ‘ಹೀರೋ’ ಬಿರುದು ಕೊಡುವುದಕ್ಕೆ 1990ರವರೆಗೆ ಏಕೆ ಕಾಯಿತು? ರಷ್ಯನ್ನರ ಪ್ರಚಾರವನ್ನು ಜರಡಿ ಹಿಡಿಯದೆ ನಮಗೆ ಬಡಿಸಿದ್ದೀರಿ. ಕಡೆಗೆ ಆತನನ್ನು ಎಲ್ಲಿ ಮಣ್ಣು ಮಾಡಿದರು ಅನ್ನುವುದನ್ನೂ ಹೇಳಿಲ್ಲ.”

ಮೇಷ್ಟ್ರೇ,

ನಿಮ್ಮ ಕೆಂಪು ಇಂಕಿನ ಪತ್ರ ಬಿಡಿಸಿದಾಗ ಉತ್ತರ ಪತ್ರಿಕೆ ವಾಪಸು ಬಂದ ಹಾಗಾಯಿತು. ಮೊದಲು ಕಳೆದುಕೊಂಡ ಅಂಕದ ಮಾತು ಮುಗಿಸಿಬಿಡುತ್ತೇನೆ. ಟೈಗರ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆ ಭಾರೀ ಜರ್ಮನ್ ಟ್ಯಾಂಕು ಮೊದಲ ಬಾರಿಗೆ ರಣರಂಗಕ್ಕೆ ಇಳಿದದ್ದು 1942ರ ಆಗಸ್ಟ್ ಕೊನೆಗೆ, ಲೆನಿನ್‌ಗ್ರಾಡ್ ಕಡೆ. ಅಷ್ಟು ಹೊತ್ತಿಗೆ ಲಾವ್ರಿನೆಂಕೊ ಸತ್ತು ಎಂಟು ತಿಂಗಳಾಗಿತ್ತು. ಆ ಚಿತ್ರಕ್ಕೆ ಅಡಿಬರಹ ಬರೆದವನು ನಾನೇ, ಡೆಸ್ಕಿನ ಹುಡುಗರ ತಲೆಗೆ ಕಟ್ಟುವುದಿಲ್ಲ.

ಆದರೆ ಈ ತಪ್ಪು ತಿದ್ದಿಕೊಂಡರೆ 52ರ ಬಗೆಗಿನ ನಿಮ್ಮ ಅನುಮಾನಕ್ಕೂ ಅರ್ಧ ಉತ್ತರ ಸಿಗುತ್ತದೆ. ಆತನ ಎದುರಿಗೆ ಇದ್ದದ್ದು ಜರ್ಮನ್ನರ ಮಧ್ಯಮ ಟ್ಯಾಂಕುಗಳಾದ ಪಾಂಜರ್-3, ಪಾಂಜರ್-4 ಮತ್ತು ಅವಕ್ಕಿಂತ ಹಗುರವಾದವು. ಪಾಂಜರ್-3ರದು 50 ಮಿಲಿಮೀಟರಿನ ಫಿರಂಗಿ. ಪಾಂಜರ್-4ರದು 75 ಮಿಲಿಮೀಟರ್ ಆದರೂ ನಳಿಗೆ ಮೋಟು. ಲಾವ್ರಿನೆಂಕೊನ ಸೋವಿಯತ್ ಟ್ಯಾಂಕು ಟಿ-34ಕ್ಕೆ 76 ಮಿಲಿಮೀಟರಿನ ಫಿರಂಗಿ, ಮುಂಭಾಗಕ್ಕೆ 45 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆ. ಹಲಗೆಯನ್ನು ಓರೆಯಾಗಿ ಕೂರಿಸಿದ್ದರಿಂದ ಎದುರಿನಿಂದ ಬಂದ ಗುಂಡು ಎಷ್ಟೋ ಸಲ ಜಾರಿ ಹೋಗುತ್ತಿತ್ತು. ಓರೆಯಾಗಿ ಕೊರೆಯುವಾಗ ದಪ್ಪ ಎಷ್ಟು ಹೆಚ್ಚುತ್ತದೆ ಎಂಬ ತ್ರಿಕೋನಮಿತಿಯನ್ನು ನಿಮಗೆ ನಾನು ಹೇಳಿಕೊಡಬೇಕೇ?

ಹಾಗೆಂದು ಟಿ-34ರೊಳಗೆ ಕೂತವನಿಗೆ ಸುಖವಿತ್ತು ಅಂದುಕೊಳ್ಳಬೇಡಿ. ಪಾಂಜರ್-3ರಲ್ಲಿ ಐದು ಜನ. ಕಮಾಂಡರನಿಗೆ ನೋಡುವುದು, ಅಪ್ಪಣೆ ಕೊಡುವುದು ಇಷ್ಟೇ ಕೆಲಸ. 1941ರ ಟಿ-34ರಲ್ಲಿ ನಾಲ್ಕೇ ಜನ. ಮೇಲಿನ ತಿರುಗುವ ಗೋಪುರದಲ್ಲಿ ಇಬ್ಬರು ಮಾತ್ರ, ಗುಂಡು ತುಂಬುವವನು ಮತ್ತು ಕಮಾಂಡರ್. ಗುರಿ ಹಿಡಿದು ಹೊಡೆಯುವುದೂ ಕಮಾಂಡರನೇ. ಜೊತೆಗೆ ಆತ ಹೊರಗೆ ನೋಡಬೇಕು, ಡ್ರೈವರನಿಗೆ ದಾರಿ ಹೇಳಬೇಕು, ಹಿಂದೆ ಬರುವ ಟ್ಯಾಂಕುಗಳನ್ನೂ ನಡೆಸಬೇಕು. ರೇಡಿಯೊ ಎಲ್ಲ ಟ್ಯಾಂಕಿನಲ್ಲೂ ಇರಲಿಲ್ಲ. ಒಳಗಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಟಿ-34ರ ಕಮಾಂಡರುಗಳು ಕೆಳಗೆ ಕೂತ ಡ್ರೈವರನ ಭುಜವನ್ನು ಬೂಟುಗಾಲಿನಿಂದ ಒತ್ತುತ್ತಿದ್ದರು. ಬಲ ಭುಜ ಒತ್ತಿದರೆ ಬಲಕ್ಕೆ, ಎಡ ಭುಜ ಒತ್ತಿದರೆ ಎಡಕ್ಕೆ. ಗುಂಡು ತುಂಬುವವನ ಮೂಗಿನ ಮುಂದೆ ಮುಷ್ಟಿ ಹಿಡಿದರೆ ಉಕ್ಕು ಸೀಳುವ ಗುಂಡು, ಬೆರಳು ಬಿಡಿಸಿ ತೋರಿಸಿದರೆ ಸಿಡಿಯುವ ಗುಂಡು. ಇಂಥ ಡಬ್ಬಿಯಲ್ಲಿ ಓಡುತ್ತಾ ಹೊಡೆದರೆ ಗುಂಡು ಆಕಾಶಕ್ಕೆ. ಹಾಗಾಗಿ ಲಾವ್ರಿನೆಂಕೊ ಅವಿತು ಕಾಯುತ್ತಿದ್ದ, ಹತ್ತಿರ ಬಿಟ್ಟುಕೊಳ್ಳುತ್ತಿದ್ದ, ನಿಂತು ಹೊಡೆಯುತ್ತಿದ್ದ, ತಕ್ಷಣ ಜಾಗ ಬದಲಿಸುತ್ತಿದ್ದ. ಆತನ ಕಾಳಗಗಳಲ್ಲಿ ಮತ್ತೆ ಮತ್ತೆ ಕಾಣುವುದು ಈ ನಾಲ್ಕೇ ಹೆಜ್ಜೆ.

ಆತ ಹುಟ್ಟಿದ್ದು 1914ರಲ್ಲಿ, ದಕ್ಷಿಣ ರಷ್ಯಾದ ಕುಬಾನ್ ಸೀಮೆಯ ಬೆಸ್‌ಸ್ತ್ರಾಶ್ನಯಾ ಎಂಬ ಕೊಸಾಕ್ ಹಳ್ಳಿಯಲ್ಲಿ. ಊರಿನ ಹೆಸರಿನ ಅರ್ಥವೇ ‘ಅಂಜದ್ದು’. ಅಪ್ಪ ಅಂತರ್ಯುದ್ಧದಲ್ಲಿ ಸತ್ತ. ನಿಮಗೆ ಇಷ್ಟವಾಗುವ ಸಂಗತಿಯೆಂದರೆ ಹುಡುಗ ಮೊದಲು ಮೇಷ್ಟ್ರಾಗಿದ್ದ! ಒಂದು ಸಣ್ಣ ಹಳ್ಳಿ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಸರ್ಕಾರಿ ಜಮೀನಿನ ಕಚೇರಿಯಲ್ಲಿ ಅಂಕಿಅಂಶದ ಗುಮಾಸ್ತಿಕೆ ಮಾಡಿ, ಉಳಿತಾಯ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ, 1934ರಲ್ಲಿ ತಾನಾಗಿ ಸೈನ್ಯ ಸೇರಿದ. ಮೊದಲು ಅಶ್ವದಳ. 1938ರಲ್ಲಿ ಉಲ್ಯಾನೊವ್ಸ್ಕ್ ಟ್ಯಾಂಕ್ ಶಾಲೆಯಿಂದ ಹೊರಬಿದ್ದ. ಅಂಕಿಅಂಶ ಬರೆದುಕೊಂಡಿದ್ದವನ ಅಂಕಿಯ ಮೇಲೇ ಇವತ್ತು ತಕರಾರು, ನೋಡಿ.

ಜರ್ಮನಿ ಮೇಲೆರಗಿದಾಗ ಆತ ಪಶ್ಚಿಮ ಉಕ್ರೇನಿನ ಸ್ತಾನಿಸ್ಲಾವ್ ಹತ್ತಿರ 15ನೇ ಟ್ಯಾಂಕ್ ಡಿವಿಷನ್ನಿನಲ್ಲಿದ್ದ. ಸೈನ್ಯ ಹಿಮ್ಮೆಟ್ಟುವಾಗ ಕೆಟ್ಟ ಟ್ಯಾಂಕನ್ನು ನಾಶಮಾಡಿ ನಡೆದುಬಿಡುವುದೇ ರೂಢಿ. ಈತ ಮಾತ್ರ ಪೆಟ್ಟುತಿಂದ ತನ್ನ ಟ್ಯಾಂಕನ್ನು ದಾರಿಯುದ್ದಕ್ಕೂ ಬಿಡದೆ ತಂದು ರಿಪೇರಿಗೆ ಒಪ್ಪಿಸಿದ. ಆ ಬೇಸಿಗೆಯಲ್ಲಿ ಒಂದೂ ಟ್ಯಾಂಕು ಹೊಡೆದ ಲೆಕ್ಕವಿಲ್ಲ. ಆದರೂ ಮನುಷ್ಯ ಎಂಥವನೆಂದು ನನಗೆ ಮೊದಲು ಗೊತ್ತಾದದ್ದು ಇಲ್ಲೇ.

ಅಲ್ಲಿಂದ ಸ್ತಾಲಿನ್‌ಗ್ರಾಡ್ ಕಡೆಗೆ. ಕರ್ನಲ್ ಕಟುಕೋವ್ ಅಲ್ಲಿ 4ನೇ ಟ್ಯಾಂಕ್ ಬ್ರಿಗೇಡ್ ಕಟ್ಟುತ್ತಿದ್ದ. ಟ್ರ್ಯಾಕ್ಟರ್ ಕಾರ್ಖಾನೆಯಿಂದ ಹೊಸ ಟಿ-34ಗಳು ಬರುತ್ತಿದ್ದವು. ಅಕ್ಟೋಬರ್ ಮೊದಲ ವಾರ ಈ ಬ್ರಿಗೇಡನ್ನು ಓರ್ಯೋಲ್‌ನಿಂದ ತುಲಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಮ್ತ್ಸೆನ್ಸ್ಕ್ ಮುಂದೆ, ಜರ್ಮನ್ ಜನರಲ್ ಗುಡೇರಿಯನ್ನನ 4ನೇ ಪಾಂಜರ್ (ಟ್ಯಾಂಕ್) ಡಿವಿಷನ್ನಿಗೆ ಅಡ್ಡ ನಿಲ್ಲಿಸಿದರು. 6ರಂದು ಪೆರ್ವಿ ವೊಯಿನ್ ಹಳ್ಳಿಯ ಬಳಿ ಜರ್ಮನ್ ಟ್ಯಾಂಕುಗಳು ಕಾಲಾಳುಗಳ ಕಂದಕದ ಮೇಲೆ ಹತ್ತಿಬಂದವು. ಲಾವ್ರಿನೆಂಕೊ ನಾಲ್ಕು ಟಿ-34ಗಳೊಂದಿಗೆ ಪಕ್ಕೆಯಿಂದ ನುಗ್ಗಿದ. ಆ ಗುಂಪಿನ ಖಾತೆಗೆ 15 ಟ್ಯಾಂಕು, ಅದರಲ್ಲಿ ಆತನವು ನಾಲ್ಕು. ಇದನ್ನು ಸೋವಿಯತ್ ಕಡತ ಹೇಳುತ್ತದೆ, ನಂಬಬೇಡಿ ಬೇಕಾದರೆ. ಆದರೆ ಎದುರಾಳಿಯ ಮಾತು ಕೇಳಿ: ಟಿ-34ರ ಮೇಲುಗೈ ತಮಗೆ ಮೊದಲು ಸ್ಪಷ್ಟವಾದದ್ದು ಆ ದಿನ, ಡಿವಿಷನ್ನಿಗೆ ಭಾರೀ ನಷ್ಟವಾಯಿತು, ತುಲಾದತ್ತ ಬಿರುಸಿನ ಓಟವನ್ನು ಸದ್ಯಕ್ಕೆ ಕೈಬಿಡಬೇಕಾಯಿತು ಎಂದು ಗುಡೇರಿಯನ್ನನೇ ಯುದ್ಧದ ನಂತರ ಬರೆದುಕೊಂಡಿದ್ದಾನೆ. ಅದೇ ರಾತ್ರಿ ಆ ವರ್ಷದ ಮೊದಲ ಹಿಮ ಬಿತ್ತು.

ಇನ್ನು ಸೆರ್ಪುಖೋವ್ ಪ್ರಸಂಗ. ನಮ್ಮ ಲೇಖನದಲ್ಲಿ ಜಾಗವಿಲ್ಲದೆ ಬಿಟ್ಟಿದ್ದೆವು. ಅದೇ ತಿಂಗಳು ಬ್ರಿಗೇಡನ್ನು ಮಾಸ್ಕೋದ ಪಶ್ಚಿಮಕ್ಕೆ, ವೊಲೊಕೊಲಾಮ್ಸ್ಕ್ ಹೆದ್ದಾರಿಗೆ ಕರೆಸಿದರು. 50ನೇ ಸೈನ್ಯದ ಕೇಂದ್ರ ಕಚೇರಿಯ ಕಾವಲಿಗೆಂದು ಹಿಂದುಳಿದಿದ್ದ ಲಾವ್ರಿನೆಂಕೊನ ಟ್ಯಾಂಕು ಒಂಟಿಯಾಗಿ ಬ್ರಿಗೇಡಿನ ಬೆನ್ನು ಹತ್ತಿತು. ಸೆರ್ಪುಖೋವ್ ಪಟ್ಟಣ ಸಿಕ್ಕಾಗ ನಾಲ್ಕೂ ಜನ ಗಡ್ಡ ಬೋಳಿಸಿಕೊಳ್ಳೋಣವೆಂದು ಕ್ಷೌರದಂಗಡಿಗೆ ಹೊಕ್ಕರು. ಅಷ್ಟರಲ್ಲಿ ಒಬ್ಬ ಸೈನಿಕ ಓಡಿಬಂದ, ಕಮಾಂಡೆಂಟ್ ಫಿರ್ಸೊವ್ ಕರೆಯುತ್ತಿದ್ದಾರೆ ಎಂದು. ಜರ್ಮನ್ ಪಡೆಯ ವಾಹನಗಳ ಸಾಲೊಂದು ಪಟ್ಟಣದತ್ತ ಬರುತ್ತಿತ್ತು. ಎದುರಿಸಲು ಹತ್ತಿರದಲ್ಲಿ ಪಡೆಯಿರಲಿಲ್ಲ. ಲಾವ್ರಿನೆಂಕೊ ವೈಸೊಕಿನಿಚಿ ದಾರಿಯಲ್ಲಿ ಕಾಡಂಚಿಗೆ ಟ್ಯಾಂಕು ನಿಲ್ಲಿಸಿ ಕಾದ. ಸಾಲು ಹತ್ತಿರ ಬಂದಾಗ ಮುಂದಿನವನ್ನು ಹೊಡೆದು, ಗೊಂದಲದಲ್ಲಿ ನುಗ್ಗಿ ಉಳಿದವನ್ನು ತುಳಿದ. ಕಮಾಂಡೆಂಟರಿಗೆ ಒಪ್ಪಿಸಿದ ಮಾಲಿನ ಪಟ್ಟಿಯಲ್ಲಿ 13 ಸಬ್‌ಮೆಷಿನ್ ಗನ್, 6 ಮಾರ್ಟರ್, ಪಕ್ಕದ ತೊಟ್ಟಿಲು ಸಮೇತ 10 ಮೋಟಾರ್ ಸೈಕಲ್ ಇದ್ದವು. ಒಂದು ಜರ್ಮನ್ ಸ್ಟಾಫ್ ಬಸ್ಸನ್ನು ಮಾತ್ರ ಬ್ರಿಗೇಡಿಗೆ ಇರಲಿ ಎಂದು ಓಡಿಸಿಕೊಂಡೇ ಹೋದ. ಎಲ್ಲಿ ಹಾಳಾಗಿಹೋದನೋ ಎಂದು ಕಿಡಿಕಾರುತ್ತಿದ್ದ ಕಟುಕೋವ್‌ನ ಕೈಗೆ ಫಿರ್ಸೊವ್ ಬರೆದುಕೊಟ್ಟ ಚೀಟಿ ಇಟ್ಟ. ತಡವಾಗಿ ಬಂದ ಹುಡುಗ ಅಪ್ಪನ ಚೀಟಿ ತೋರಿಸುವುದನ್ನು ನೀವು ಎಷ್ಟು ಸಲ ಕಂಡಿದ್ದೀರೋ. ಇಂಥ ಚೀಟಿ ಕಂಡಿರಲಾರಿರಿ.

ನವೆಂಬರ್ 11ರಂದು ಬ್ರಿಗೇಡಿಗೆ ‘1ನೇ ಗಾರ್ಡ್ಸ್ ಟ್ಯಾಂಕ್ ಬ್ರಿಗೇಡ್’ ಎಂಬ ಗೌರವದ ಹೆಸರು ಬಂತು. ಆಮೇಲಿನದು ಕೆಟ್ಟ ವಾರ. 17ರಂದು ಲಿಸ್ತ್ಸೆವೊ ಹಳ್ಳಿಗಾಗಿ ಪಾನ್‌ಫಿಲೋವ್ ಡಿವಿಷನ್ನಿನ ಕಾಲಾಳುಗಳ ಜೊತೆ ಆರು ಟ್ಯಾಂಕು ಹೊರಟವು, ಮೂರು ಟಿ-34, ಮೂರು ಹಗುರ ಬಿಟಿ-7. ಉಳಿದದ್ದು ಎರಡು. ಹಳ್ಳಿ ಕೈಗೆ ಬಂತು, ಆದರೆ ಶಿಷ್ಕಿನೊ ಕಡೆಯಿಂದ ಜರ್ಮನ್ನರು ಬಳಸಿ ಬರುತ್ತಿದ್ದರು. ಕಾಲಾಳುಗಳ ಬೆನ್ನು ಕಾಯಲು ಇನ್ನೊಂದು ಟ್ಯಾಂಕನ್ನು ಬಿಟ್ಟು ಲಾವ್ರಿನೆಂಕೊ ಒಬ್ಬನೇ ಹೋಗಿ ಹೆದ್ದಾರಿ ಪಕ್ಕ ನಿಂತ. ಮರವಿಲ್ಲ, ಪೊದೆಯಿಲ್ಲ, ಬಯಲು. ಆದರೆ ಟ್ಯಾಂಕಿಗೆ ಆಗಷ್ಟೇ ಬಿಳಿ ಬಣ್ಣ ಬಳಿದಿತ್ತು, ನೆಲವೂ ಬಿಳಿ. ಸಾಲಾಗಿ ಬಂದ ಟ್ಯಾಂಕುಗಳ ತಲೆಗೆ ಮೊದಲು ಹೊಡೆದ, ಆಮೇಲೆ ಬಾಲಕ್ಕೆ, ಆಮೇಲೆ ನಡುವಿಗೆ. ಆರು ಹೊತ್ತಿಕೊಂಡವು, ಈತ ಕೊರಕಲು ಹಿಡಿದು ಮರೆಯಾದ. ಮರುದಿನ ಗೂಸೆನೆವೊದಲ್ಲಿ ಜನರಲ್ ಪಾನ್‌ಫಿಲೋವ್ ಮಾರ್ಟರ್ ಚೂರು ತಗುಲಿ ಸತ್ತ. ಲಾವ್ರಿನೆಂಕೊನ ಟ್ಯಾಂಕು ಹತ್ತಿರದಲ್ಲೇ ಇತ್ತು. ಅಲ್ಲಿನ ಕಾಳಗಗಳಲ್ಲೇ ಒಂದು ಗುಂಡು ಟ್ಯಾಂಕಿನ ಪಕ್ಕೆ ತೂರಿ ಬಂದು ಆತನ ಡ್ರೈವರನನ್ನೂ ರೇಡಿಯೊದವನನ್ನೂ ಕೊಂದಿತು. ಒಟ್ಟು ಮೂರು ಸಲ ಆತನ ಟ್ಯಾಂಕು ಸುಟ್ಟಿದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 28 ಕಾಳಗ, 52 ಟ್ಯಾಂಕು. ಭಾಗಿಸಿದರೆ ಕಾಳಗಕ್ಕೆ ಎರಡೂ ಬೀಳುವುದಿಲ್ಲ. ಹೀಗೆ ನೋಡಿದಾಗ ಪವಾಡದ ವಾಸನೆ ಸ್ವಲ್ಪ ಇಳಿಯುತ್ತದೆ. ಆದರೆ ನಿಮ್ಮ ಪ್ರಶ್ನೆ ಎಣಿಸಿದವರು ಯಾರು ಎಂಬುದು. ಎಣಿಸಿದ್ದು ಅವರ ಬ್ರಿಗೇಡೇ, ವರದಿಗಳಿಂದ. ಒಂದೇ ಟ್ಯಾಂಕಿಗೆ ಮೂರು ಕಡೆಯಿಂದ ಗುಂಡು ಬಿದ್ದರೆ ಮೂವರೂ ತಮ್ಮದೆನ್ನುತ್ತಾರೆ. ಹೊಗೆ ಬಂದದ್ದೆಲ್ಲ ಸತ್ತಂತಲ್ಲ; ಜರ್ಮನ್ನರು ರಾತ್ರೋರಾತ್ರಿ ಎಳೆದುಕೊಂಡು ಹೋಗಿ ರಿಪೇರಿ ಮಾಡುತ್ತಿದ್ದರು, ಪೂರ್ತಿ ಕೈಬಿಟ್ಟದ್ದನ್ನು ಮಾತ್ರ ನಷ್ಟವೆಂದು ಬರೆಯುತ್ತಿದ್ದರು. ಮ್ತ್ಸೆನ್ಸ್ಕ್ ಕದನಕ್ಕೆ ಕಟುಕೋವ್ ಬ್ರಿಗೇಡ್ ಹೇಳಿಕೊಂಡದ್ದು 133 ಟ್ಯಾಂಕು. ಜರ್ಮನ್ ಕಡತ ಒಪ್ಪುವುದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ 52ನ್ನು ‘ಆತನ ಖಾತೆಗೆ ಬರೆದದ್ದು’ ಎಂದು ಓದಿಕೊಳ್ಳಿ. ನಾವೂ ಹಾಗೇ ಬರೆಯಬೇಕಿತ್ತು, ‘ಹೊಡೆದ’ ಎಂದು ಬರೆದದ್ದು ಅವಸರ. ಆದರೆ ಇದನ್ನು ರಷ್ಯನ್ನರ ಚಟ ಎನ್ನುವುದನ್ನು ನಾನು ಒಪ್ಪಲಾರೆ. ಜರ್ಮನಿಯ ಕುರ್ಟ್ ಕ್ನಿಸ್ಪೆಲ್ ಹೆಸರಿಗೆ 168 ಟ್ಯಾಂಕು ಬರೆದಿದ್ದಾರೆ. ಅಲ್ಲೂ ಇದೇ ಜರಡಿ ಹಿಡಿಯಿರಿ.

ಬಿರುದಿನ ಕಥೆ ಇನ್ನೂ ವಿಚಿತ್ರ. ಪ್ರಚಾರಕ್ಕಾಗಿ ಕಟ್ಟಿದ ವೀರನಾಗಿದ್ದರೆ ಆತನಿಗೆ 1941ರಲ್ಲೇ ‘ಹೀರೋ’ ಬಿರುದಿನ ನಕ್ಷತ್ರ ಸಿಗಬೇಕಿತ್ತು. ಅದೇ ಬ್ರಿಗೇಡ್, ಅದೇ ಅಕ್ಟೋಬರ್ 6, ಅದೇ ಪೆರ್ವಿ ವೊಯಿನ್. ಅಲ್ಲಿ 9 ಟ್ಯಾಂಕು ಹೊಡೆದನೆಂದು ಇವಾನ್ ಲ್ಯುಬುಶ್ಕಿನ್ ನಾಲ್ಕೇ ದಿನದಲ್ಲಿ ‘ಸೋವಿಯತ್ ಒಕ್ಕೂಟದ ಹೀರೋ’ ಆದ. ಲಾವ್ರಿನೆಂಕೊನ ಹೆಸರನ್ನು ಡಿಸೆಂಬರ್ 5ರಂದು, 37 ಟ್ಯಾಂಕಿನ ಲೆಕ್ಕದೊಂದಿಗೆ, ಶಿಫಾರಸು ಮಾಡಿದರು. ಬಂದದ್ದು ಆರ್ಡರ್ ಆಫ್ ಲೆನಿನ್, ಅದೂ ಡಿಸೆಂಬರ್ 22ರಂದು. ಆತ ಸತ್ತು ನಾಲ್ಕು ದಿನವಾಗಿತ್ತು. ಯುದ್ಧ ಮುಗಿದ ಮೇಲೆ ಕಟುಕೋವ್, ಲೆಲ್ಯುಶೆಂಕೊ ಅಂಥ ದೊಡ್ಡ ಸೇನಾನಿಗಳೇ ಆತನಿಗಾಗಿ ಓಡಾಡಿದರೂ ಕಡತ ಅಲುಗಲಿಲ್ಲ. ಸರ್ಕಾರಿ ಕಚೇರಿಯ ಕಡತ ಯಾವ ದೇಶದ್ದಾದರೇನು! ಕಟುಕೋವ್ 1976ರಲ್ಲಿ ತೀರಿಕೊಂಡ. 1990ರ ಮೇ 5ರಂದು, ವಿಜಯದ 45ನೇ ವರ್ಷಾಚರಣೆಯ ಹೊತ್ತಿಗೆ, ಗೋರ್ಬಚೇವ್ ಹಳೆಯ ಬಾಕಿಗಳನ್ನು ಒಟ್ಟಿಗೆ ತೀರಿಸಿದಾಗ ಲಾವ್ರಿನೆಂಕೊ ಹೆಸರೂ ಸೇರಿತು. ಅದೇ ದಿನ ಬಿರುದು ಪಡೆದವರಲ್ಲಿ ಜಲಾಂತರ್ಗಾಮಿಯ ಮರಿನೆಸ್ಕೊ, ವಿಮಾನ ಹಾರಿಸಿದ ಲೀದಿಯಾ ಲಿತ್ವ್ಯಾಕ್ ಇದ್ದರು. ಮೂವರೂ ಬದುಕಿರಲಿಲ್ಲ. ಲೆನಿನ್‌ಗ್ರಾಡ್ ಹತ್ತಿರ 22 ಟ್ಯಾಂಕು ಹೊಡೆದನೆಂದು ಹೆಸರಾದ ಕೊಲೊಬಾನೊವ್‌ಗೆ ಆಗಲೂ ಸಿಗಲಿಲ್ಲ. ಆತ 1994ರವರೆಗೆ ಬದುಕಿದ್ದ.

ಕೊನೆಯ ಪ್ರಶ್ನೆ. ಡಿಸೆಂಬರ್ 18ರಂದು ವೊಲೊಕೊಲಾಮ್ಸ್ಕ್ ದಾರಿಯ ಗೋರ್ಯುನಿ ಹಳ್ಳಿಯ ಬಳಿ ಆತ ತನ್ನ ಖಾತೆಯ 52ನೇ ಟ್ಯಾಂಕನ್ನು ಹೊಡೆದ. ಕಾಳಗ ಮುಗಿದಿತ್ತು. ಟ್ಯಾಂಕಿನಿಂದ ಇಳಿದು 17ನೇ ಬ್ರಿಗೇಡಿನ ಕರ್ನಲ್ ಚೆರ್ನೊಯಾರೊವ್‌ಗೆ ವರದಿ ಒಪ್ಪಿಸಲು ನಡೆದುಕೊಂಡು ಹೋಗುತ್ತಿದ್ದಾಗ ಮಾರ್ಟರಿನ ಚೂರು ಬಡಿಯಿತು. ವಯಸ್ಸು 27. ಹೆದ್ದಾರಿ ಪಕ್ಕದಲ್ಲೇ ಮಣ್ಣು ಮಾಡಿದರು. 1967ರಲ್ಲಿ ಅವಶೇಷ ತೆಗೆದು ಇಸ್ತ್ರಾ ಜಿಲ್ಲೆಯ ದೆಂಕೊವೊ ಹಳ್ಳಿಯ ಸಾಮೂಹಿಕ ಸಮಾಧಿಯಲ್ಲಿ, ಉಳಿದ ಸೈನಿಕರ ಜೊತೆ, ಇಟ್ಟಿದ್ದಾರೆ.

ಟೈಗರ್ ಚಿತ್ರದ ತಿದ್ದುಪಡಿ ಇದೇ ಸಂಚಿಕೆಯ 4ನೇ ಪುಟದಲ್ಲಿದೆ.

– ಸಂ.