ಭಾಗಿಸುವ ಮೊದಲೂ ಡಿವಿಡೆಂಡ್, ಭಾಗಿಸಿದ ಮೇಲೂ ಡಿವಿಡೆಂಡ್!

ಪ್ರಶ್ನೆ: ಮಗಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಅವಳ ಇಂಗ್ಲಿಷ್ ಮೀಡಿಯಂ ಪುಸ್ತಕದಲ್ಲಿ ‘ಡಿವಿಡೆಂಡ್’ ಅಂತಿತ್ತು. ನನ್ನ ಚೀಟಿಯ ಪಾಸ್‌ಬುಕ್ಕಿನಲ್ಲೂ ಅದೇ ಪದ, ಷೇರಿನವರ ಬಾಯಲ್ಲೂ ಅದೇ. ಎಲ್ಲಾ ಒಂದೇನಾ? ಎಲ್ಲಿಂದ ಬಂತು ಈ ಪದ?
– ಓದುಗರೊಬ್ಬರು, ಹಾಸನ

ಉತ್ತರ: ಪದ ಒಂದೇ. ಆದರೆ ಮಗಳ ಡಿವಿಡೆಂಡ್ ಲೆಕ್ಕದ ಆ ತುದಿಯಲ್ಲಿದೆ, ನಿಮ್ಮದು ಈ ತುದಿಯಲ್ಲಿ. ನಿಮ್ಮಂಥದೇ ಒಂದು ಚೀಟಿ ತೆಗೆದುಕೊಳ್ಳೋಣ.

20 ಜನ, ತಿಂಗಳಿಗೆ 5,000 ರೂಪಾಯಿ, ಒಂದು ಲಕ್ಷದ ಚೀಟಿ. ಒಬ್ಬರಿಗೆ ದುಡ್ಡಿನ ಅರ್ಜೆಂಟು. 20,000 ಬಿಟ್ಟುಕೊಟ್ಟು, 80,000ಕ್ಕೆ ಚೀಟಿ ಎತ್ತಿದರು. ಬಿಟ್ಟ ದುಡ್ಡಿನಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಹೋಯಿತು. ಉಳಿದ 15,000 ಇಪ್ಪತ್ತೂ ಜನಕ್ಕೆ ಹಂಚಿದರೆ ತಲೆಗೆ 750. ನೀವು 5,000ದ ಬದಲು 4,250 ಕಟ್ಟಿದರೆ ಸಾಕು. ಪಾಸ್‌ಬುಕ್ಕಿನಲ್ಲಿ ಆ 750ರ ಮುಂದೆ ‘ಡಿವಿಡೆಂಡ್’ ಅಂತ ಬರೆಯುತ್ತಾರೆ.

ಈಗ ಅದೇ ಲೆಕ್ಕವನ್ನು ಮಗಳ ಮುಂದಿಡಿ. 15,000 ÷ 20 = 750. ಡಿವಿಡೆಂಡ್ ಯಾವುದಮ್ಮಾ ಅಂತ ಕೇಳಿದರೆ ಅವಳು ಬೆರಳಿಡುವುದು 15,000ದ ಮೇಲೆ. 750 ಅವಳಿಗೆ ಭಾಗಲಬ್ಧ.

ಪದದ ಹುಟ್ಟು ನೋಡಿದರೆ ಮಗಳೇ ಸರಿ. ಲ್ಯಾಟಿನ್‌ನಲ್ಲಿ ‘ದಿವಿದೆರೆ’ ಅಂದರೆ ಭಾಗ ಮಾಡುವುದು. ‘ದಿವಿದೆಂದುಮ್’ ಅಂದರೆ ಭಾಗ ಮಾಡಬೇಕಾದದ್ದು, ಇನ್ನೂ ಬಿಚ್ಚದ ಇಡೀ ಗಂಟು. ಮಾಡಬೇಕಾದ ಕೆಲಸಗಳು ಅಜೆಂಡಾ, ನೆನಪಿಡಬೇಕಾದದ್ದು ಮೆಮೊರಾಂಡಮ್; ಇವೂ ಅದೇ ಅಚ್ಚಿನವು. ನಮ್ಮಲ್ಲೂ ಇಂಥದೇ ಅಚ್ಚಿದೆ ನೋಡಿ: ತ್ಯಜಿಸಬೇಕಾದದ್ದು ತ್ಯಾಜ್ಯ, ಭಾಗಿಸಬೇಕಾದದ್ದು ಭಾಜ್ಯ. ಕನ್ನಡ ಮೀಡಿಯಂ ಗಣಿತದ ‘ಭಾಜ್ಯ’ ಮತ್ತು ಲ್ಯಾಟಿನ್ ಪದ ಅರ್ಥದಲ್ಲೂ ರಚನೆಯಲ್ಲೂ ಒಂದೇ. ಭಾಜ್ಯದ ಬೇರು ಸಂಸ್ಕೃತದ ‘ಭಜ್’, ಅಂದರೆ ಹಂಚು, ಪಾಲು ಪಡೆ. ಭಾಗ, ವಿಭಜನೆ ಅಷ್ಟೇ ಅಲ್ಲ, ಭಕ್ತಿ, ಭಜನೆಗಳೂ ಅಲ್ಲಿಂದಲೇ ಬಂದವು. ಮಗಳಿಗೆ ಇದನ್ನೂ ಹೇಳಿ, ಭಾಗಾಕಾರದ ಮೇಲೆ ಭಕ್ತಿ ಬಂದರೂ ಬರಬಹುದು.

ಡಿವಿಡೆಂಡ್ ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದ ಕೊನೆಯ ಹೊತ್ತಿಗೆ. 17ನೇ ಶತಮಾನದಲ್ಲಿ ವ್ಯಾಪಾರದ ಕಂಪನಿಗಳು ಬೆಳೆದವು. ಪಾಲುದಾರನಿಗೆ ಇಡೀ ಗಂಟಿನ ಚಿಂತೆ ಯಾಕೆ? ಕೈಗೆ ಬಂದದ್ದಷ್ಟೇ ಲೆಕ್ಕ. ಹಾಗಾಗಿ ಹಂಚುವ ಗಂಟಿನ ಹೆಸರು ಹಂಚಿದ ಪಾಲಿಗೆ ಅಂಟಿಕೊಂಡಿತು. ಆ ಪಾಲು ದುಡ್ಡೇ ಆಗಬೇಕು ಅಂತಲೂ ಇರಲಿಲ್ಲ. 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿ 1610ರಲ್ಲಿ ಮೊದಲ ಸಲ ಪಾಲು ಹಂಚಿದಾಗ ಕೊಟ್ಟದ್ದು ಜಾಪತ್ರೆ! ಪಲಾವಿಗೆ ಒಂದೆಸಳು ಹಾಕ್ತೀವಲ್ಲ, ಅದೇ.

ಕನ್ನಡದವರು ಗಣಿತಕ್ಕೆ ಭಾಜ್ಯ, ಕಂಪನಿಗೆ ಲಾಭಾಂಶ ಅಂತ ಎರಡು ಪದ ಇಟ್ಟುಕೊಂಡು ಗೊಂದಲ ತಪ್ಪಿಸಿದ್ದಾರೆ. ಆದರೆ ಮೂಲ ಪದದಲ್ಲಿ ‘ಲಾಭ’ ಎಲ್ಲೂ ಇಲ್ಲ, ಅದು ನಾವು ಸೇರಿಸಿದ್ದು. ಚೀಟಿಯ 750ನ್ನು ಲಾಭಾಂಶ ಅಂದರೆ ತಪ್ಪಾಗುತ್ತದೆ. ಅದು ವ್ಯಾಪಾರದ ಲಾಭವಲ್ಲ, ನಿಮ್ಮಂಥ ಒಬ್ಬ ಸದಸ್ಯ ಬಿಟ್ಟುಕೊಟ್ಟ ದುಡ್ಡು. 2019ರಲ್ಲಿ ಚಿಟ್ ಫಂಡ್ ಕಾಯ್ದೆಗೆ ತಿದ್ದುಪಡಿ ತಂದಾಗ ‘ಡಿವಿಡೆಂಡ್’ ತೆಗೆದು, ಬಿಟ್ಟ ಹಣದಲ್ಲಿನ ಪಾಲು ಅನ್ನುವ ಅರ್ಥದ ಪದ ಹಾಕಿದರು. ಜನರ ಬಾಯಿಂದ ಅದಿನ್ನೂ ಹೋಗಿಲ್ಲ, ಬಿಡಿ.

ಮ್ಯೂಚುವಲ್ ಫಂಡಿನಲ್ಲೂ ಹೀಗೇ ಆಯಿತು. ‘ಡಿವಿಡೆಂಡ್ ಪ್ಲಾನ್’ ಅಂದರೆ ಮೇಲೆ ಸಿಗುವ ಲಾಭ ಅಂತ ಜನ ನಂಬಿದ್ದರು. ಅಲ್ಲಿ ಕೊಟ್ಟಷ್ಟು ದುಡ್ಡು ನಿಮ್ಮ ಯೂನಿಟ್ಟಿನ ಬೆಲೆಯಲ್ಲೇ ಇಳಿಯುತ್ತದೆ. ಅದಕ್ಕೇ ಷೇರುಪೇಟೆಯ ನಿಯಂತ್ರಕ ಸೆಬಿ ಆ ಹೆಸರನ್ನು ತೆಗೆಸಿತು. 2021ರ ಏಪ್ರಿಲ್‌ನಿಂದ ಅದು ‘ಐಡಿಸಿಡಬ್ಲ್ಯು’, ಅಂದರೆ ‘ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾವಲ್’ (ಆದಾಯದ ಹಂಚಿಕೆ, ಜೊತೆಗೆ ಬಂಡವಾಳದ ವಾಪಸಾತಿ). ನಾಲಿಗೆ ಹೊರಳೋದಿಲ್ಲ, ನಿಜ. ಆದರೆ ನಿಮ್ಮ ಬಂಡವಾಳದ ದುಡ್ಡೂ ಅದರಲ್ಲಿ ಸೇರಿರಬಹುದು ಅನ್ನೋದನ್ನ ಆ ಉದ್ದ ಹೆಸರು ಮುಚ್ಚಿಡುವುದಿಲ್ಲ.

ಪ್ರಶ್ನೆ: ಕಂಪನಿ 500% ಡಿವಿಡೆಂಡ್ ಕೊಟ್ಟಿದೆ ಅಂತ ಓದಿ ಕುಣಿದಾಡಿದೆ. 50 ಷೇರಿಗೆ ಬಂದದ್ದು ಬರೀ 250 ರೂಪಾಯಿ. ಮೋಸ ಅಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೋಸ ಅಲ್ಲ, ಶೇಕಡಾ ಲೆಕ್ಕ ಯಾವುದರ ಮೇಲೆ ಅಂತ ನೋಡಲಿಲ್ಲ ಅಷ್ಟೇ. ಅದು ನೀವು ಕೊಟ್ಟ ಬೆಲೆಯ ಮೇಲಲ್ಲ, ಷೇರಿನ ಮುಖಬೆಲೆಯ ಮೇಲೆ, ಅಂದರೆ ಕಂಪನಿ ತನ್ನ ಲೆಕ್ಕಕ್ಕೆ ಷೇರಿಗೆ ಗೊತ್ತುಮಾಡಿದ ಮೂಲ ಬೆಲೆಯ ಮೇಲೆ. ಮುಖಬೆಲೆ 1 ರೂಪಾಯಿ ಇದ್ದರೆ 500% ಅಂದರೆ 5 ರೂಪಾಯಿ. ನಿಮಗೆ ಬಂದದ್ದೂ ಅಷ್ಟೇ. ಆ ಷೇರನ್ನು ನೀವು 1,250ಕ್ಕೆ ಕೊಂಡಿದ್ದರೆ ನಿಮ್ಮ ದುಡ್ಡಿಗೆ ಸಿಕ್ಕದ್ದು 0.4%. ಮುಂದಿನ ಸಲ ಶೇಕಡಾ ಬಿಡಿ, ಷೇರಿಗೆ ಎಷ್ಟು ರೂಪಾಯಿ ಅಂತ ಮಾತ್ರ ನೋಡಿ.